ಚರ್ಮದ ಪರೀಕ್ಷೆಯೇ ಪಾಠವಾದಾಗ

ಹಸಿ ಗೇರುಬೀಜವನ್ನು ಹಲ್ಲಿನಿಂದ ಕಚ್ಚಿ ಒಡೆಯಲು ಹೋಗಿ ತುಟಿ ಸುಟ್ಟುಕೊಂಡವರು ನಮ್ಮ ಕರಾವಳಿಯಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ. ಬೀಜದ ಸಿಪ್ಪೆಯೊಳಗಿನ ಎಣ್ಣೆ ತಾಗಿದಲ್ಲಿ ಚರ್ಮ ಕಪ್ಪಾಗಿ, ಗುಳ್ಳೆಯೆದ್ದು, ಸುಲಿದುಹೋಗುತ್ತದೆ. ಗೇರುಬೀಜದ ಕಾರ್ಖಾನೆಗಳಲ್ಲಿ ಬೀಜ ಒಡೆಯುವ ಹೆಂಗಸರು ಕೈಗೆ ಎಣ್ಣೆಯನ್ನೋ ಬೂದಿಯನ್ನೋ ಸವರಿಕೊಂಡು ಕೆಲಸಕ್ಕೆ ಕೂರುತ್ತಿದ್ದುದು ಇದೇ ಭಯಕ್ಕೆ. ಗೇರಿನ ಕುಲಕ್ಕೇ ಸೇರಿದ ಮಾವಿನ ಸೊನೆಯೂ ತುಟಿಯ ಅಂಚಿನಲ್ಲಿ ಹುಣ್ಣು ತರುವುದುಂಟು. ಆದರೆ ಒಂದೇ ಮರದ ಕೆಳಗೆ ಕುಳಿತು ಮಾವು ತಿಂದ ಅಣ್ಣತಮ್ಮಂದಿರಲ್ಲಿ ಒಬ್ಬನ ಬಾಯಿ ಊದಿಕೊಂಡರೆ ಇನ್ನೊಬ್ಬನಿಗೆ ಏನೂ ಆಗುವುದಿಲ್ಲ. ‘ಅವನ ಮೈಗೆ ಒಗ್ಗುವುದಿಲ್ಲ, ನಂಜು’ ಎಂದು ಮನೆಯ ಹಿರಿಯರು ಮಾತು ಮುಗಿಸುತ್ತಾರೆ.

ಯಾರ ಮೈಗೆ ಯಾವುದು ಒಗ್ಗುವುದಿಲ್ಲ ಎಂದು ತಿಳಿಯುವುದು ಹೇಗೆ? ಹಚ್ಚಿ ನೋಡುವುದೇ ದಾರಿ. 1847ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಗಿಯೋರ್ಗ್ ಸ್ಟೇಡಲರ್ ಇದೇ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಬೇರ್ಪಡಿಸಿ, ಅದರಲ್ಲಿ ಚರ್ಮವನ್ನು ಕೆಣಕುವ ಅಂಶ ಯಾವುದೆಂದು ಹುಡುಕುತ್ತಿದ್ದ. ಎಣ್ಣೆಯನ್ನು ಎದೆಯ ಚರ್ಮಕ್ಕೆ ಸವರಿ, ಮೇಲೆ ಬ್ಲಾಟಿಂಗ್ ಪೇಪರಿನ ಸಣ್ಣ ತುಂಡನ್ನು ಇರಿಸಿ, ಏನಾಗುತ್ತದೆಂದು ಕಾದು ನೋಡಿದ. ಉರಿ, ಕೆಂಪು, ಗುಳ್ಳೆಗಳು ಒಂದಾದ ಮೇಲೊಂದು ಕಾಣಿಸಿಕೊಂಡವು. ಇಂದು ಚರ್ಮವೈದ್ಯರು ಮಾಡುವ ‘ಪ್ಯಾಚ್ ಟೆಸ್ಟ್’ ಎಂಬ ಪರೀಕ್ಷೆಯ ಬೀಜ ಆ ಬ್ಲಾಟಿಂಗ್ ಪೇಪರಿನ ತುಂಡಿನಲ್ಲಿತ್ತು.

ಹಚ್ಚಿ ನೋಡುವ ಈ ವಿಧಾನ ಸರಳವಾಗಿ ಕಾಣುತ್ತದೆ. ಆದರೆ ಅದರೊಳಗೆ ಒಂದು ಅಪಾಯ ಅಡಗಿದೆ. ಚರ್ಮ ಬರೀ ಉತ್ತರ ಹೇಳುವ ಅಂಗವಲ್ಲ, ಪಾಠ ಕಲಿಯುವ ಅಂಗವೂ ಹೌದು. ‘ಈ ವಸ್ತು ನಿನಗೆ ಒಗ್ಗುತ್ತದೆಯೇ’ ಎಂದು ಕೇಳಲು ಹೋದ ವೈದ್ಯ, ತಿಳಿಯದೆಯೇ ‘ಇದು ನಿನ್ನ ಶತ್ರು’ ಎಂದು ಚರ್ಮಕ್ಕೆ ಕಲಿಸಿಬಿಡಬಹುದು. ಈ ಎರಡರ ನಡುವಿನ ಗೆರೆ ಎಲ್ಲಿದೆ ಎಂಬುದನ್ನು ವೈದ್ಯಕೀಯ ಅರಿತುಕೊಂಡದ್ದು ಬಹಳ ನಿಧಾನವಾಗಿ. ಆ ಅರಿವಿನ ಒಂದು ಮುಖ್ಯ ಅಧ್ಯಾಯ ಅಕ್ರಿಲೇಟ್ ಎಂಬ ರಾಸಾಯನಿಕಗಳದು. ಕಟ್ಟಿಸಿಕೊಂಡ ಹಲ್ಲು, ಮೂಳೆಯ ಸಿಮೆಂಟು, ಮುದ್ರಣದ ಶಾಯಿ, ಉಗುರಿನ ಹೊಳಪು ಎಲ್ಲದರಲ್ಲೂ ಅವು ನಮ್ಮೊಡನಿವೆ.

ಪಾದರಸದ ಪಟ್ಟಿ

ಪ್ಯಾಚ್ ಟೆಸ್ಟಿನ ಜನಕ ಎಂದು ಹೆಸರಾದವನು ಯೋಸೆಫ್ ಯಾಡಸ್ಸೋನ್. ಆಗ ಜರ್ಮನಿಗೆ ಸೇರಿದ್ದ, ಇಂದು ಪೋಲೆಂಡಿನಲ್ಲಿರುವ ಬ್ರೆಸ್ಲಾವ್ ನಗರದ ವೈದ್ಯ. ಪಾದರಸದ ಬೂದುಬಣ್ಣದ ಮುಲಾಮು ಆ ಕಾಲದಲ್ಲಿ ಹೇನಿನ ಕಾಟಕ್ಕೆ ಮನೆಮಾತಾದ ಔಷಧ. ಅದನ್ನು ಹಚ್ಚಿಕೊಂಡ ರೋಗಿಯೊಬ್ಬನ ಮೈಮೇಲೆ ಉಗ್ರವಾದ ಇಸುಬು ಕಾಣಿಸಿಕೊಂಡಿತು. ಸಾವಿರಾರು ಜನಕ್ಕೆ ಏನೂ ಮಾಡದ ಮುಲಾಮು ಇವನೊಬ್ಬನಿಗೆ ಹೀಗೇಕೆ ಮಾಡಿತು? ಯಾಡಸ್ಸೋನ್ ಪಾದರಸದ ಪಟ್ಟಿಯೊಂದನ್ನು ಆತನ ಚರ್ಮಕ್ಕೆ ಅಂಟಿಸಿ ಕಾದ. ಪಟ್ಟಿಯ ಅಳತೆಗೆ ಸರಿಯಾಗಿ, ಅದರ ಕೆಳಗೆ ಮಾತ್ರ, ಇಸುಬು ಎದ್ದಿತು. 1895ರಲ್ಲಿ ಆಸ್ಟ್ರಿಯದ ಗ್ರಾಟ್ಸ್ ನಗರದಲ್ಲಿ ನಡೆದ ಜರ್ಮನ್ ಚರ್ಮವೈದ್ಯರ ಸಮಾವೇಶದಲ್ಲಿ ಆತ ಇದನ್ನು ವಿವರಿಸಿದ. ‘ಅಲರ್ಜಿ’ ಎಂಬ ಮಾತೇ ಆಗ ಹುಟ್ಟಿರಲಿಲ್ಲ. ಅದನ್ನು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಬಳಕೆಗೆ ತಂದದ್ದು 1906ರಲ್ಲಿ.

ಮುಂದೆ ಸ್ವಿಟ್ಜರ್ಲೆಂಡಿನ ಬ್ರೂನೋ ಬ್ಲಾಖ್ ಈ ಪರೀಕ್ಷೆಯನ್ನು ಬೆಳೆಸಿದ. ಯಾಡಸ್ಸೋನ್ ಮತ್ತು ಬ್ಲಾಖ್ ಇಬ್ಬರ ಬಳಿಯೂ ಕೆಲಸ ಕಲಿತ ಮೇರಿಯನ್ ಸುಲ್ಜ್‌ಬರ್ಗರ್ ಅದನ್ನು ಅಮೆರಿಕಕ್ಕೆ ಕೊಂಡೊಯ್ದ. ಕೋಪನ್‌ಹೇಗನ್‌ನ ಪೌಲ್ ಬೊನ್ನೆವಿ 1939ರಲ್ಲಿ, ಎಲ್ಲ ರೋಗಿಗಳ ಮೇಲೂ ಪರೀಕ್ಷಿಸಬೇಕಾದ ವಸ್ತುಗಳ ಒಂದು ಸಿದ್ಧ ಪಟ್ಟಿಯನ್ನು ಪ್ರಕಟಿಸಿದ. ನಮ್ಮ ದೇಶದಲ್ಲಿ ಈ ಪರೀಕ್ಷೆಗೆ ನೆಲೆ ಕಲ್ಪಿಸಿದವರಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಜೆ.ಎಸ್. ಪಸ್ರಿಚಾ ಪ್ರಮುಖರು. ಕಾಂಗ್ರೆಸ್ ಗಿಡ ಎಂದು ನಾವು ಕರೆಯುವ ಪಾರ್ಥೇನಿಯಂ ಕಳೆ ತಂದ ಚರ್ಮರೋಗದ ಹಾವಳಿ, ಈ ಪರೀಕ್ಷೆಯ ಅಗತ್ಯವನ್ನು ಇಲ್ಲಿನ ವೈದ್ಯರಿಗೆ ಮನಗಾಣಿಸಿತು.

ಪರೀಕ್ಷೆಯ ಕ್ರಮ ಇಂದಿಗೂ ಹೆಚ್ಚು ಬದಲಾಗಿಲ್ಲ. ಸಂಶಯವಿರುವ ವಸ್ತುವನ್ನು ವ್ಯಾಸಲೀನಿನಂಥ ಜಿಡ್ಡಿನಲ್ಲಿ ಅತಿ ಕಡಿಮೆ ಪ್ರಮಾಣದಲ್ಲಿ ಬೆರೆಸಿ, ಪುಟ್ಟ ಬಟ್ಟಲುಗಳಲ್ಲಿ ತುಂಬಿ, ಅಂಟುಪಟ್ಟಿಯಿಂದ ಬೆನ್ನಿಗೆ ಅಂಟಿಸುತ್ತಾರೆ. ಹೆಚ್ಚಾಗಿ ಬಳಕೆಯಲ್ಲಿರುವ ಎಂಟು ಮಿಲಿಮೀಟರ್ ಅಗಲದ ಅಲ್ಯೂಮಿನಿಯಂ ಬಟ್ಟಲನ್ನು 1975ರಲ್ಲಿ ಬಳಕೆಗೆ ತಂದವನು ಫಿನ್ಲೆಂಡಿನ ವೈಕೊ ಪಿರಿಲಾ. ಎರಡು ದಿನ ಬೆನ್ನಿಗೆ ನೀರು ಸೋಕಿಸುವಂತಿಲ್ಲ. ಬಳಿಕ ಪಟ್ಟಿ ಕಿತ್ತು ನೋಡುತ್ತಾರೆ. ನಾಲ್ಕನೆಯ ದಿನದ ಸುಮಾರಿಗೆ ಮತ್ತೆ ನೋಡುತ್ತಾರೆ, ವಾರದ ಕೊನೆಗೆ ಇನ್ನೊಮ್ಮೆ. ಕೆಂಪಾಗಿ ಉಬ್ಬಿದ ಜಾಗದ ವಸ್ತುವೇ ಅಪರಾಧಿ.

ಎರಡು ಗಡಿಯಾರಗಳು

ಈ ದಿನಗಳ ಲೆಕ್ಕದಲ್ಲೇ ವಿಷಯದ ಮರ್ಮ ಇರುವುದು. ಚೇಳು ಕುಟುಕಿದರೆ ನೋವು ಆ ಕ್ಷಣಕ್ಕೆ. ಸಂಪರ್ಕದಿಂದ ಬರುವ ಚರ್ಮದ ಅಲರ್ಜಿ ಹಾಗಲ್ಲ, ಅದಕ್ಕೆ ಎರಡು ಹಂತ. ಹೊಸ ವಸ್ತುವೊಂದು ಚರ್ಮದೊಳಕ್ಕೆ ಇಳಿದು ದೇಹದ ಪ್ರೋಟೀನಿಗೆ ಅಂಟಿಕೊಂಡಾಗ, ಚರ್ಮದ ಕಾವಲುಗಾರ ಕೋಶಗಳು ಅದನ್ನು ಹಿಡಿದು ಹತ್ತಿರದ ಹಾಲ್ರಸದ ಗಂಟಿಗೆ ಒಯ್ಯುತ್ತವೆ. ಜರ್ಮನಿಯ ಪಾಲ್ ಲಾಂಗರ್‌ಹಾನ್ಸ್ ಈ ಕೋಶಗಳನ್ನು 1868ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಗುರುತಿಸಿದ್ದ. ಆದರೆ ಅವು ನರಗಳ ಭಾಗವೆಂದು ಭಾವಿಸಿದ್ದ. ಅವುಗಳ ನಿಜವಾದ ಕೆಲಸ ತಿಳಿಯಲು ನೂರು ವರ್ಷ ಹಿಡಿಯಿತು. ಗಂಟಿನಲ್ಲಿ ಆ ವಸ್ತುವಿನ ಗುರುತು ಹಿಡಿಯಬಲ್ಲ ಬಿಳಿ ರಕ್ತಕಣಗಳ ಪಡೆ ಸಿದ್ಧವಾಗುತ್ತದೆ. ಈ ಕಲಿಕೆಗೆ ಸುಮಾರು ಹತ್ತು ದಿನಗಳಿಂದ ಎರಡು ವಾರ ಬೇಕು. ಈ ಹಂತದಲ್ಲಿ ಹೊರಗೆ ಏನೂ ಕಾಣುವುದಿಲ್ಲ.

ಒಮ್ಮೆ ಕಲಿತ ಮೇಲೆ ಕಥೆ ಬೇರೆ. ಅದೇ ವಸ್ತು ಮತ್ತೆ ತಾಗಿದರೆ ಒಂದೆರಡು ದಿನಗಳಲ್ಲೇ ಆ ಪಡೆ ಅಲ್ಲಿಗೆ ಧಾವಿಸುತ್ತದೆ. ತುರಿಕೆ, ಕೆಂಪು, ನೀರುಗುಳ್ಳೆ. ಈ ನೆನಪು ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಹೀಗೆ ಚರ್ಮದಲ್ಲಿ ಎರಡು ಗಡಿಯಾರಗಳಿವೆ ಎನ್ನಬಹುದು. ಹಳೆಯ ಪಾಠವನ್ನು ಒಪ್ಪಿಸಲು ಒಂದೆರಡು ದಿನ ಸಾಕು. ಹೊಸ ಪಾಠ ಕಲಿಯಲು ಎರಡು ವಾರ ಬೇಕು.

ಪ್ಯಾಚ್ ಟೆಸ್ಟ್ ಮೊದಲನೆಯ ಗಡಿಯಾರವನ್ನು ನೋಡುವ ಪರೀಕ್ಷೆ. ಎರಡರಿಂದ ಏಳನೆಯ ದಿನದೊಳಗೆ ಚರ್ಮ ಕೆಂಪಾದರೆ ಅದಕ್ಕೆ ಹಿಂದೆಯೇ ಅಲರ್ಜಿ ಇತ್ತು ಎಂದರ್ಥ. ಆದರೆ ಹಚ್ಚಿದ ವಸ್ತು ಪ್ರಬಲವಾಗಿದ್ದು, ಪ್ರಮಾಣವೂ ಹೆಚ್ಚಾಗಿದ್ದರೆ, ಎರಡನೆಯ ಗಡಿಯಾರವೂ ಸದ್ದಿಲ್ಲದೆ ಓಡತೊಡಗುತ್ತದೆ. ಆಗ ಮೊದಲ ವಾರ ಏನೂ ಕಾಣುವುದಿಲ್ಲ. ‘ನಿಮಗೇನೂ ಅಲರ್ಜಿ ಇಲ್ಲ’ ಎಂದು ವೈದ್ಯರು ರೋಗಿಯನ್ನು ಮನೆಗೆ ಕಳಿಸುತ್ತಾರೆ. ಎರಡು ಮೂರು ವಾರಗಳ ಬಳಿಕ ಬೆನ್ನಿನ ಮೇಲೆ, ಪಟ್ಟಿ ಅಂಟಿಸಿದ್ದ ಜಾಗದಲ್ಲಿಯೇ, ಕೆಂಪು ಮಚ್ಚೆಯೊಂದು ತುರಿಸತೊಡಗುತ್ತದೆ. ಮತ್ತೆ ಪರೀಕ್ಷಿಸಿದರೆ ಈಗ ಎರಡೇ ದಿನದಲ್ಲಿ ಉತ್ತರ ಬರುತ್ತದೆ. ಇಲ್ಲದ ಅಲರ್ಜಿಯನ್ನು ಪರೀಕ್ಷೆಯೇ ತಂದಿಟ್ಟಿದೆ ಎಂದು ತಿಳಿಯುವುದು ಆಗಲೇ.

ಬೇಕೆಂದೇ ಕಲಿಸಿದವರು

ಚರ್ಮಕ್ಕೆ ಅಲರ್ಜಿ ಕಲಿಸಬಹುದು ಎಂಬುದು ಬಹಳ ಹಿಂದೆಯೇ ತಿಳಿದಿತ್ತು. 1920ರ ದಶಕದಲ್ಲಿ ಬ್ಲಾಖ್, ಪ್ರಿಮುಲಾ ಎಂಬ ಅಲಂಕಾರದ ಹೂಗಿಡದ ಸಾರವನ್ನು ಗಾಢವಾಗಿ ಹಚ್ಚಿ, ಆರೋಗ್ಯವಂತರಲ್ಲಿ ಹೊಸದಾಗಿ ಅಲರ್ಜಿ ಉಂಟುಮಾಡಿ ತೋರಿಸಿದ. ಕೆಲವರ ಹುಟ್ಟುಗುಣ ಎಂದುಕೊಂಡಿದ್ದುದು, ಪ್ರಮಾಣ ಹೆಚ್ಚಿದರೆ ಯಾರಿಗೂ ಬರಬಹುದಾದ ಸಂಗತಿಯಾಯಿತು.

ಈ ಜ್ಞಾನದ ಹಾದಿಯಲ್ಲಿ ಕಪ್ಪು ಅಧ್ಯಾಯವೊಂದಿದೆ. ಅಮೆರಿಕದ ಫಿಲಡೆಲ್ಫಿಯ ನಗರದ ಹೋಮ್ಸ್‌ಬರ್ಗ್ ಸೆರೆಮನೆಯಲ್ಲಿ 1951ರಿಂದ 1974ರವರೆಗೆ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ಕೈದಿಗಳ ಮೇಲೆ ಪ್ರಯೋಗಗಳನ್ನು ನಡೆಸಿದ. ಕೈದಿಗಳಲ್ಲಿ ಬಹುಪಾಲು ಮಂದಿ ಕಪ್ಪು ಜನರು. ಬೆನ್ನಿಗೆ ರಾಸಾಯನಿಕದ ಪಟ್ಟಿ ಅಂಟಿಸಿಕೊಂಡದ್ದಕ್ಕೆ ಅವರ ಕೈಗೆ ಸಿಗುತ್ತಿದ್ದುದು ಪುಡಿಗಾಸು. ಯಾವ ವಸ್ತು ಎಷ್ಟು ಜನರ ಚರ್ಮಕ್ಕೆ ಅಲರ್ಜಿ ಕಲಿಸಬಲ್ಲದು ಎಂದು ಅಳೆಯುವ ವಿಧಾನವೊಂದನ್ನು ಕ್ಲಿಗ್‌ಮನ್ 1966ರಲ್ಲಿ ಪ್ರಕಟಿಸಿದ. ಅದು ಇಂಥ ಕೈದಿಗಳ ಮೈಮೇಲೆಯೇ ರೂಪುಗೊಂಡದ್ದು. ಪಠ್ಯಪುಸ್ತಕಗಳು ದಶಕಗಳ ಕಾಲ ಆ ಅಂಕಿಗಳನ್ನು ಬಳಸಿಕೊಂಡವು. ಫಿಲಡೆಲ್ಫಿಯ ನಗರಾಡಳಿತ ಅಧಿಕೃತವಾಗಿ ಕ್ಷಮೆ ಕೇಳಿದ್ದು 2022ರಲ್ಲಿ. ಯಾರೋ ಒಬ್ಬರ ಬೆನ್ನು ಬೆಲೆ ತೆತ್ತ ಮೇಲೆಯೇ ಸುರಕ್ಷಿತ ಪ್ರಮಾಣ ಎಂಬುದು ಇನ್ನೊಬ್ಬರಿಗೆ ದೊರೆತಿದೆ ಎಂಬುದನ್ನು ಈ ಇತಿಹಾಸ ಮರೆಯಗೊಡುವುದಿಲ್ಲ.

ಸಾಧು ಪ್ಲಾಸ್ಟಿಕ್, ಪುಂಡ ಅಣು

ಈಗ ಅಕ್ರಿಲೇಟುಗಳ ಕಡೆಗೆ ತಿರುಗೋಣ. ಅಕ್ರಿಲಿಕ್ ಆಮ್ಲ ರಸಾಯನಶಾಸ್ತ್ರಜ್ಞರಿಗೆ 1843ರಿಂದಲೇ ಗೊತ್ತು. ಜರ್ಮನಿಯ ಓಟೊ ರ್ಯೋಮ್ 1901ರಲ್ಲಿ ತನ್ನ ಡಾಕ್ಟರೇಟ್ ಪ್ರಬಂಧಕ್ಕೆ ಆರಿಸಿಕೊಂಡದ್ದು ಈ ಬಗೆಯ ದ್ರವಗಳು ಗಟ್ಟಿಯಾಗುವ ಪರಿಯನ್ನು. 1930ರ ದಶಕದಲ್ಲಿ ಆತನ ಕಂಪನಿ ‘ಪ್ಲೆಕ್ಸಿಗ್ಲಾಸ್’ ಎಂಬ ಹೆಸರಿನಲ್ಲೂ, ಬ್ರಿಟನ್ನಿನ ಐಸಿಐ ಕಂಪನಿ ‘ಪರ್ಸ್‌ಪೆಕ್ಸ್’ ಎಂಬ ಹೆಸರಿನಲ್ಲೂ ಗಾಜಿನಂತೆ ಪಾರದರ್ಶಕವಾದ ಪ್ಲಾಸ್ಟಿಕ್ಕನ್ನು ಮಾರುಕಟ್ಟೆಗೆ ತಂದವು.

ಅದು ತಯಾರಾಗುವ ಬಗೆ ತಿಳಿಯುವುದು ಸುಲಭ. ಮೀಥೈಲ್ ಮೆಥಾಕ್ರಿಲೇಟ್ ಎಂಬ ತೆಳ್ಳನೆಯ, ಘಾಟು ವಾಸನೆಯ ದ್ರವದಲ್ಲಿ ಒಂಟಿ ಅಣುಗಳು ಓಡಾಡಿಕೊಂಡಿರುತ್ತವೆ. ಶಾಖವನ್ನೋ ಬೆಳಕನ್ನೋ ತಕ್ಕ ರಾಸಾಯನಿಕವನ್ನೋ ಕೊಟ್ಟರೆ ಅವು ಜಾತ್ರೆಯ ಸಾಲಿನಂತೆ ಒಂದರ ಕೈಯನ್ನೊಂದು ಹಿಡಿದು ಉದ್ದನೆಯ ಸರಪಳಿಗಳಾಗುತ್ತವೆ. ದ್ರವ ಗಟ್ಟಿಯಾಗುತ್ತದೆ. ಗಟ್ಟಿಯಾದದ್ದು ಬಹಳ ಸಾಧು. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಪಾರದರ್ಶಕ ಮುಚ್ಚಿಗೆ ಒಡೆದು ಪೈಲಟ್‌ಗಳ ಕಣ್ಣಿಗೆ ಚೂರುಗಳು ಹೊಕ್ಕಾಗ, ಆ ಪ್ಲಾಸ್ಟಿಕ್ಕಿನ ಬಗ್ಗೆ ಕಣ್ಣು ತಕರಾರು ತೆಗೆಯದಿದ್ದುದನ್ನು ಲಂಡನ್ನಿನ ವೈದ್ಯ ಹೆರಾಲ್ಡ್ ರಿಡ್ಲಿ ಗಮನಿಸಿದ. ಅದರಿಂದಲೇ ಮಸೂರ ಮಾಡಿಸಿ 1949ರಲ್ಲಿ ಪೊರೆ ತೆಗೆದ ಕಣ್ಣಿನೊಳಗೆ ಇಟ್ಟ. ಇಂದು ನಮ್ಮ ಮನೆಗಳ ಅಜ್ಜ ಅಜ್ಜಿಯರು ಪೊರೆಯ ಶಸ್ತ್ರಕ್ರಿಯೆಯ ಬಳಿಕ ಪೇಪರ್ ಓದುವುದು ಆ ಮಸೂರದ ಸಂತತಿಯಿಂದಲೇ.

ಸರಪಳಿಯಾಗಿ ಕಟ್ಟಿಬಿದ್ದಾಗ ಕಣ್ಣೊಳಗೂ ಸುಮ್ಮನಿರುವ ಈ ಅಣು, ಒಂಟಿಯಾಗಿದ್ದಾಗ ಮಾತ್ರ ಪುಂಡ. ತೀರಾ ಚಿಕ್ಕದಾದ್ದರಿಂದ ಚರ್ಮದೊಳಕ್ಕೆ ನುಸುಳುತ್ತದೆ. ಇನ್ನೊಂದು ಅಕ್ರಿಲೇಟಿಗೆ ಚಾಚಬೇಕಾದ ಕೈಯನ್ನು ನಮ್ಮ ಪ್ರೋಟೀನಿಗೆ ಚಾಚುತ್ತದೆ. ಚರ್ಮದ ಕಾವಲುಗಾರರಿಗೆ ಬೇಕಾದ ಕುರುಹು ಅದೇ.

ಬೆರಳ ತುದಿಯ ಬಿರುಕು

ಅಕ್ರಿಲಿಕ್ ಬರುವ ಮೊದಲು ಕಟ್ಟಿಸಿದ ಹಲ್ಲಿನ ಒಸಡನ್ನು ಗಟ್ಟಿ ರಬ್ಬರಿನಿಂದ ಮಾಡುತ್ತಿದ್ದರು. 1930ರ ದಶಕದ ಕೊನೆಯಲ್ಲಿ ಗುಲಾಬಿ ಬಣ್ಣದ ಅಕ್ರಿಲಿಕ್ ಬಂದು ಅದನ್ನು ಮೂಲೆಗೆ ತಳ್ಳಿತು. ಪುಡಿ ಮತ್ತು ದ್ರವವನ್ನು ಕಲಸಿ, ಕಣಕದಂತಾದಾಗ ಅಚ್ಚಿನಲ್ಲಿ ಒತ್ತುವುದು ಕ್ರಮ. ಕಲಸುವವರು ಬರಿಗೈಯಲ್ಲೇ ಕಲಸಿದರು. 1941ರಷ್ಟು ಹೊತ್ತಿಗೇ ದಂತವೈದ್ಯಕೀಯ ಪತ್ರಿಕೆಗಳಲ್ಲಿ ಈ ದ್ರವದಿಂದ ಬಂದ ಚರ್ಮರೋಗದ ವರದಿಗಳು ಕಾಣಿಸಿಕೊಂಡವು. ಬೆರಳ ತುದಿಗಳು ಒಣಗಿ, ಸೀಳು ಬಿಟ್ಟು, ರಕ್ತ ಒಸರುತ್ತಿದ್ದವು.

ನ್ಯೂಯಾರ್ಕಿನ ಚರ್ಮವೈದ್ಯ ಅಲೆಕ್ಸಾಂಡರ್ ಫಿಷರ್ 1954ರಲ್ಲಿ ಈ ವಿಷಯವನ್ನು ಕ್ರಮವಾಗಿ ಪರೀಕ್ಷಿಸಿ ಬರೆದ. ಅಲರ್ಜಿ ಇರುವುದು ದ್ರವರೂಪದ ಒಂಟಿ ಅಣುವಿಗೆ, ಪೂರ್ತಿ ಬೆಂದು ಗಟ್ಟಿಯಾದ ಹಲ್ಲಿನ ಸೆಟ್ಟಿಗಲ್ಲ ಎಂದು ಆತ ತೋರಿಸಿದ. ಹಲ್ಲು ಕಟ್ಟಿಸಿಕೊಂಡವರ ಬಾಯಿ ಉರಿಗೆ ಬಹುಪಾಲು ಕಾರಣ ಅಳತೆ ಸರಿಯಿಲ್ಲದ ಸೆಟ್ಟು. ಅಲರ್ಜಿ ಕಾಡುತ್ತಿದ್ದುದು ಅದನ್ನು ತಯಾರಿಸುವ ಕೈಗಳನ್ನು.

ಆ ಕೈಗಳ ಸಂಖ್ಯೆ ಬೆಳೆಯುತ್ತ ಹೋಯಿತು. 1950ರ ದಶಕದ ಕೊನೆಗೆ ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಚಾರ್ನ್ಲಿ, ಕೃತಕ ಸೊಂಟದ ಕೀಲನ್ನು ಮೂಳೆಯಲ್ಲಿ ಕೂರಿಸಲು ದಂತವೈದ್ಯರ ಇದೇ ವಸ್ತುವನ್ನು ಸಿಮೆಂಟಿನಂತೆ ಬಳಸತೊಡಗಿದ. ನಡೆಯಲಾರದವರು ನಡೆದಾಡಿದರು. ಆದರೆ ಕಲಸಿದ ಶಸ್ತ್ರವೈದ್ಯರ ಬೆರಳುಗಳಲ್ಲಿ ಇಸುಬು ಕಂಡಿತು. ಕೈಗವಸು ಹಾಕಿಕೊಂಡಿದ್ದರೂ ಹೀಗೇಕೆ? ಈ ದ್ರವ ಶಸ್ತ್ರಕ್ರಿಯೆಯ ರಬ್ಬರ್ ಕೈಗವಸನ್ನು ದಾಟಿ ಒಳಗೆ ಹೋಗುತ್ತದೆ ಎಂದು ಬ್ರಿಟನ್ನಿನ ವೈದ್ಯರು 1971ರಲ್ಲಿ ವರದಿ ಮಾಡಿದರು. ಕೆಲವರಿಗೆ ಇಸುಬು ವಾಸಿಯಾದ ಮೇಲೂ ಬೆರಳ ತುದಿ ಮರಗಟ್ಟಿದಂತೆ, ಚುಚ್ಚಿದಂತೆ ಅನಿಸುವುದು ಉಳಿಯುತ್ತಿತ್ತು.

ಉಗುರಿನ ಕಥೆಯೂ ಇದೇ ಕಾಲದ್ದು. ಅಮೆರಿಕದಲ್ಲಿ ಅಕ್ರಿಲಿಕ್ ಕೃತಕ ಉಗುರಿನಿಂದ ಬಂದ ಚರ್ಮರೋಗವನ್ನು 1956ರಲ್ಲೇ ವೈದ್ಯರು ವರ್ಣಿಸಿದ್ದರು. ದೂರುಗಳು ಹೆಚ್ಚಿದಾಗ 1974ರಲ್ಲಿ ಅಲ್ಲಿನ ಸರ್ಕಾರಿ ಔಷಧ ಆಡಳಿತ ನ್ಯಾಯಾಲಯಕ್ಕೆ ಹೋಗಿ, ಅಪ್ಪಟ ಮೀಥೈಲ್ ಮೆಥಾಕ್ರಿಲೇಟ್ ದ್ರವದ ಉಗುರು ಸಾಮಗ್ರಿಗಳನ್ನು ಅಂಗಡಿಗಳಿಂದ ತೆಗೆಸಿತು. ಅದರ ಜಾಗಕ್ಕೆ ಅದರ ಸೋದರ ಬಂಧುಗಳು ಬಂದವು. ಮುದ್ರಣಾಲಯಗಳಲ್ಲಿ ನೇರಳಾತೀತ ಬೆಳಕು ಬಿದ್ದೊಡನೆ ಒಣಗುವ ಶಾಯಿ, ಮರಕ್ಕೆ ಬಳಿಯುವ ವಾರ್ನಿಷ್, ಹಲ್ಲಿನ ಕುಳಿ ತುಂಬುವ ಬಿಳಿ ಸಿಮೆಂಟು, ಹೀಗೆ ಎಲ್ಲೆಡೆ ಹೊಸ ಹೊಸ ಅಕ್ರಿಲೇಟುಗಳು ಹರಡಿದವು.

ಹೆಲ್ಸಿಂಕಿಯ ಎಚ್ಚರಿಕೆ

ಹೆಸರು ಹೆಚ್ಚಿದಂತೆ ಪರೀಕ್ಷೆಯೂ ಬೆಳೆಯಬೇಕಲ್ಲವೇ? ಚರ್ಮವೈದ್ಯರು ಅಕ್ರಿಲೇಟುಗಳದೇ ಒಂದು ಸಾಲನ್ನು ತಯಾರಿಸಿಕೊಂಡರು. ಆದರೆ ಯಾವುದನ್ನು ಎಷ್ಟು ತೆಳುವಾಗಿಸಿ ಹಚ್ಚಬೇಕು? ಸ್ವೀಡನ್ನಿನ ಬರ್ಟ್ ಬ್ಯೋರ್ಕ್ನರ್ 1984ರಲ್ಲಿ ಲುಂಡ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ, ಬೆಳಕಿಗೆ ಗಟ್ಟಿಯಾಗುವ ಈ ವಸ್ತುಗಳ ಅಲರ್ಜಿಯ ಬಲವನ್ನು ಅಳೆದು ನೋಡಿದ್ದ. ಅಕ್ರಿಲೇಟುಗಳು ಪ್ರಬಲ, ಮೆಥಾಕ್ರಿಲೇಟುಗಳು ದುರ್ಬಲ. ಮೆಥಾಕ್ರಿಲೇಟಿನಲ್ಲಿ ಹೆಚ್ಚುವರಿಯಾಗಿರುವ ಒಂದು ಸಣ್ಣ ಗುಂಪು ಬಾಗಿಲಿಗೆ ಅಡ್ಡ ನಿಂತಂತೆ ಅಣುವಿನ ಕೈಯನ್ನು ಸ್ವಲ್ಪ ತಡೆಯುತ್ತದೆ. ಹೆಸರಿನಲ್ಲಿ ಅಷ್ಟು ಹತ್ತಿರವಿದ್ದರೂ ಎರಡನ್ನೂ ಒಂದೇ ಅಳತೆಯಲ್ಲಿ ಹಚ್ಚುವಂತಿಲ್ಲ.

1988ರಲ್ಲಿ ಹೆಲ್ಸಿಂಕಿಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲಾಸ್ಸೆ ಕನೆರ್ವಾ, ತೂಲಾ ಎಸ್ಟ್‌ಲಾಂಡರ್ ಮತ್ತು ರೀಟ್ಟಾ ಯೋಲಾಂಕಿ ಒಂದು ಲೇಖನ ಪ್ರಕಟಿಸಿದರು. ಕಾರ್ಖಾನೆಯ ದ್ರವದಿಂದಲ್ಲ, ಆಸ್ಪತ್ರೆಯ ಪ್ಯಾಚ್ ಟೆಸ್ಟಿನಿಂದಲೇ ಅಕ್ರಿಲೇಟ್ ಅಲರ್ಜಿ ಪಡೆದವರ ವಿಚಾರ ಅದರಲ್ಲಿತ್ತು. ತಮ್ಮದೇ ಕೈಯಿಂದ ಆದ ಹಾನಿಯನ್ನು ಹೆಸರು ಹಾಕಿ ಬರೆಯುವುದು ವೈದ್ಯರಿಗೆ ಸುಲಭದ ಕೆಲಸವಲ್ಲ. ಅವರು ಬರೆದರು. ಪರೀಕ್ಷೆಯ ಅಕ್ರಿಲೇಟುಗಳನ್ನು ಇನ್ನಷ್ಟು ತೆಳುವಾಗಿಸಬೇಕು ಎಂಬ ತಿಳಿವಳಿಕೆ ಬೇರೂರಿದ್ದು ಇಂಥ ವರದಿಗಳಿಂದ. ಇಂದು ಅಕ್ರಿಲೇಟುಗಳನ್ನು ಸಾಮಾನ್ಯವಾಗಿ ಶೇ. 0.1ರ ಪ್ರಮಾಣದಲ್ಲಿ, ಅಂದರೆ ಸಾವಿರ ಪಾಲಿಗೆ ಒಂದು ಪಾಲಿನಂತೆ ಹಚ್ಚುತ್ತಾರೆ. ಮೆಥಾಕ್ರಿಲೇಟುಗಳಿಗೆ ಶೇ. 2 ಸಾಕೆನಿಸಿದೆ.

ಹಾಗಾದರೆ ಇನ್ನೂ ತೆಳುವಾಗಿಸಿಬಿಟ್ಟರೆ ಪೂರ್ತಿ ಕ್ಷೇಮವಲ್ಲವೇ ಎಂದು ಓದುಗರು ಕೇಳಬಹುದು. ಅಲ್ಲಿ ಇನ್ನೊಂದು ಅಪಾಯ ಕಾದಿದೆ. ತೀರಾ ತೆಳುವಾದ ಲೇಪಕ್ಕೆ ನಿಜವಾದ ಅಲರ್ಜಿ ಇರುವವರ ಚರ್ಮವೂ ಉತ್ತರ ಕೊಡುವುದಿಲ್ಲ. ಅದೂ ಅಲ್ಲದೆ ಕೆಲವು ಅಕ್ರಿಲೇಟುಗಳು ಕರ್ಪೂರದಂತೆ ಹಾರಿಹೋಗುವ ಜಾತಿಯವು. ಮೊದಲೇ ಬಟ್ಟಲುಗಳಲ್ಲಿ ತುಂಬಿಟ್ಟರೆ, ಬೆನ್ನಿಗೆ ಅಂಟಿಸುವ ಹೊತ್ತಿಗೆ ವ್ಯಾಸಲೀನ್ ಮಾತ್ರ ಉಳಿದಿರಬಹುದು. ಆದ್ದರಿಂದ ಅವನ್ನು ತಂಪಿನಲ್ಲಿಟ್ಟು, ಅಂಟಿಸುವ ಮುಂಚೆಯಷ್ಟೇ ತುಂಬಬೇಕು. ಸುಳ್ಳು ಸಮಾಧಾನ ಪಡೆದ ದಂತವೈದ್ಯ ಮತ್ತೆ ಅದೇ ದ್ರವಕ್ಕೆ ಕೈ ಹಾಕುತ್ತಾನೆ. ವರ್ಷ ಕಳೆಯುವುದರೊಳಗೆ ವೃತ್ತಿಯನ್ನೇ ಬಿಡುವ ಸ್ಥಿತಿ ಬರಬಹುದು. ಹೆಚ್ಚಾದರೆ ಪರೀಕ್ಷೆ ರೋಗ ಕೊಡುತ್ತದೆ, ಕಡಿಮೆಯಾದರೆ ರೋಗವನ್ನು ಮುಚ್ಚಿಡುತ್ತದೆ.

ಉಗುರಿನ ದೀಪ, ತೋಳಿನ ಬಿಲ್ಲೆ

ಈ ಹಳೆಯ ಪಾಠ ಮತ್ತೆ ನೆನಪಾಗಲು ಕಾರಣ ಇಂದಿನ ಬ್ಯೂಟಿ ಪಾರ್ಲರ್. ಬೆಂಗಳೂರಿನಂಥ ಊರುಗಳಲ್ಲಿ ಮದುವೆ ಸೀಸನ್ ಬಂತೆಂದರೆ ಹುಡುಗಿಯರ ಬೆರಳುಗಳು ನೇರಳೆ ಬೆಳಕಿನ ಪುಟ್ಟ ದೀಪದ ಕೆಳಗೆ ಸಾಲಾಗಿ ನಿಲ್ಲುತ್ತವೆ. ಜೆಲ್ ಪಾಲಿಶ್ ಎನ್ನುವ ಆ ಬಣ್ಣದಲ್ಲಿ ಅನೇಕ ವೇಳೆ ಇರುವುದು ‘ಹೆಮಾ’ ಎಂಬ ಚಿಕ್ಕ ಹೆಸರಿನ ಮೆಥಾಕ್ರಿಲೇಟ್. ದೀಪದ ಬೆಳಕು ಸಾಲದಿದ್ದರೆ, ಅಥವಾ ಬಣ್ಣ ಉಗುರು ದಾಟಿ ಚರ್ಮಕ್ಕೆ ತಾಗಿದರೆ, ಒಂಟಿ ಅಣುಗಳು ಉಳಿದುಕೊಳ್ಳುತ್ತವೆ. ಮನೆಯಲ್ಲೇ ಕಿಟ್ ತರಿಸಿ ಹಚ್ಚಿಕೊಳ್ಳುವವರಿಗೆ ಈ ಅಪಾಯ ಹೆಚ್ಚು. ಕಷ್ಟವೆಂದರೆ ರೋಗ ಬೆರಳಲ್ಲೇ ಕಾಣಬೇಕೆಂದಿಲ್ಲ. ಬೆರಳು ಮುಟ್ಟಿದ ಕಣ್ಣಿನ ರೆಪ್ಪೆ, ಕೆನ್ನೆ, ಕುತ್ತಿಗೆ ಊದಿಕೊಳ್ಳಬಹುದು. ಆಗ ಎಲ್ಲರ ಸಂಶಯ ಕಾಡಿಗೆಯ ಮೇಲೋ ಕ್ರೀಮಿನ ಮೇಲೋ ಹೋಗುತ್ತದೆ.

ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ 2012ರಲ್ಲಿ ಅಕ್ರಿಲೇಟನ್ನು ‘ವರ್ಷದ ಅಲರ್ಜಿಕಾರಕ’ ಎಂದು ಸಾರಿತು. 2018ರಲ್ಲಿ ಬ್ರಿಟನ್ನಿನ ಚರ್ಮವೈದ್ಯರ ಸಂಘ ಕೃತಕ ಉಗುರುಗಳ ಬಗ್ಗೆ ಜನರನ್ನು ಬಹಿರಂಗವಾಗಿ ಎಚ್ಚರಿಸಿತು. ಹೆಮಾ ಇರುವ ಉಗುರು ಸಾಮಗ್ರಿ ನುರಿತವರ ಬಳಕೆಗೆ ಮಾತ್ರ ಎಂದು ಯುರೋಪಿನ ಒಕ್ಕೂಟ 2020ರಲ್ಲಿ ನಿಯಮ ಮಾಡಿತು.

ಸಕ್ಕರೆ ಕಾಯಿಲೆಯವರ ಅನುಭವ ಇನ್ನೂ ಸ್ವಾರಸ್ಯಕರ. ಬೆರಳು ಚುಚ್ಚುವ ಕಾಟ ತಪ್ಪಿಸಲು ತೋಳಿಗೆ ಅಂಟಿಸಿಕೊಳ್ಳುವ, ಬಿಲ್ಲೆಯಂಥ ಸಾಧನ ಬಂದಿದೆಯಷ್ಟೆ. ಅದನ್ನು ಹಾಕಿಕೊಂಡ ಹಲವರ ಚರ್ಮ ಗುಳ್ಳೆಯೆದ್ದಿತು. ಎಲ್ಲರೂ ಅಂಟನ್ನು ದೂರಿದರು. 2017ರಲ್ಲಿ ಬೆಲ್ಜಿಯಂನ ವೈದ್ಯರು ರಾಸಾಯನಿಕ ವಿಶ್ಲೇಷಣೆ ಮಾಡಿಸಿದಾಗ ಸಿಕ್ಕ ಅಪರಾಧಿ ಐಸೊಬಾರ್ನೈಲ್ ಅಕ್ರಿಲೇಟ್. ಅದು ಮುಖ್ಯವಾಗಿ ಇದ್ದುದು ಚರ್ಮಕ್ಕೆ ತಾಗುವ ಅಂಟಿನಲ್ಲಲ್ಲ, ಸಾಧನದ ಪ್ಲಾಸ್ಟಿಕ್ ಭಾಗಗಳು ಕೂಡುವ ಜಾಗದಲ್ಲಿ. ಅಲ್ಲಿಂದ ಅದು ಮೆಲ್ಲನೆ ಚರ್ಮಕ್ಕೆ ಇಳಿಯುತ್ತಿತ್ತು. ಆ ಬಿಲ್ಲೆ ಮೈಮೇಲಿರುವುದು ಎರಡು ವಾರ. ಚರ್ಮಕ್ಕೆ ಹೊಸ ಪಾಠ ಕಲಿಯಲು ಬೇಕಾದ ಅವಧಿಯೂ ಎರಡು ವಾರ! ಯಾರೂ ಉದ್ದೇಶಿಸದ ಪ್ಯಾಚ್ ಟೆಸ್ಟ್ ಅದು, ಬಿಲ್ಲೆ ಬದಲಿಸಿದಾಗಲೆಲ್ಲ ಮತ್ತೆ ಮೊದಲಿನಿಂದ.

ಉಗುರಿನ ಅಲರ್ಜಿಯನ್ನು ಉಗುರಿನ ಜೊತೆಗೇ ಕತ್ತರಿಸಿ ಎಸೆಯುವಂತಿಲ್ಲ. ಇಪ್ಪತ್ತರ ಹರೆಯದಲ್ಲಿ ಬಣ್ಣಕ್ಕಾಗಿ ಪಡೆದ ಅಲರ್ಜಿ, ನಲವತ್ತರಲ್ಲಿ ಹಲ್ಲಿನ ಕುಳಿ ತುಂಬಿಸುವಾಗಲೋ, ಅರವತ್ತರಲ್ಲಿ ಗ್ಲೂಕೋಸ್ ಬಿಲ್ಲೆ ಹಾಕಿಸುವಾಗಲೋ, ಕೀಲು ಬದಲಿಸುವಾಗಲೋ ಎದುರಾಗಬಹುದು. ಏಕೆಂದರೆ ಒಂದು ಅಕ್ರಿಲೇಟನ್ನು ಗುರುತು ಹಿಡಿದ ಚರ್ಮ ಅದರ ಬಂಧುಬಳಗವನ್ನೂ ಅನೇಕ ವೇಳೆ ಗುರುತಿಸುತ್ತದೆ.

ಕೇಳುವ ಕಲೆ

ಹಾಗೆಂದು ಪ್ಯಾಚ್ ಟೆಸ್ಟಿಗೆ ಹೆದರಬೇಕಾಗಿಲ್ಲ. ಸರಿಯಾದ ಪ್ರಮಾಣದಲ್ಲಿ, ತಿಳಿದವರು ಮಾಡಿದ ಪರೀಕ್ಷೆಯಿಂದ ಹೊಸ ಅಲರ್ಜಿ ಬರುವುದು ವಿರಳ. ಹೆಸರು ತಿಳಿಯದ ರೋಗದೊಡನೆ ವರ್ಷಗಟ್ಟಲೆ ಮುಲಾಮು ಸವರಿಕೊಂಡು ಬಾಳುವುದೇ ಅದಕ್ಕಿಂತ ದೊಡ್ಡ ಹಾನಿ. 2019ರಲ್ಲಿ ಯುರೋಪಿನ ಚರ್ಮವೈದ್ಯರು, ಪರೀಕ್ಷೆಗೆ ಬರುವ ಎಲ್ಲರಿಗೂ ಹಚ್ಚುವ ಮೂಲ ಪಟ್ಟಿಗೆ ಹೆಮಾವನ್ನು ಸೇರಿಸಿದರು. ಅಲರ್ಜಿ ಇಲ್ಲದವರ ಬೆನ್ನಿಗೂ ಅದನ್ನು ತಾಗಿಸಬೇಕಾದೀತು ಎಂದು ತಿಳಿದೇ ತೂಗಿ ನೋಡಿ ತೆಗೆದುಕೊಂಡ ತೀರ್ಮಾನ ಅದು. ಹತ್ತಾರು ಅಕ್ರಿಲೇಟುಗಳ ಬದಲು ಮೊದಲು ಒಂದೇ ಒಂದು, ಅದೂ ದುರ್ಬಲ ಜಾತಿಯದು. ಉಳಿದ ಸಾಲು ಸಂಶಯಕ್ಕೆ ಕಾರಣವಿದ್ದವರಿಗೆ ಮಾತ್ರ.

ಮನೆಯಲ್ಲಿ ಮಾತ್ರ ಯಾರೂ ಈ ಪರೀಕ್ಷೆಗೆ ಕೈ ಹಾಕಬಾರದು. ಜೆಲ್ ಪಾಲಿಶನ್ನೋ ಹಲ್ಲಿನ ದ್ರವವನ್ನೋ ಶಾಯಿಯನ್ನೋ ತೋಳಿಗೆ ಸವರಿ, ಮೇಲೊಂದು ಪಟ್ಟಿ ಅಂಟಿಸಿ ನೋಡೋಣ ಎನ್ನುವುದು, ಸುರಕ್ಷಿತ ಪ್ರಮಾಣದ ಎಷ್ಟೋ ಪಟ್ಟು ಹೆಚ್ಚಿನದನ್ನು ಚರ್ಮಕ್ಕೆ ಉಣಿಸಿದಂತೆ. ವೈದ್ಯರ ಬಳಿ ಹೋಗುವಾಗ ಬಳಸಿದ ವಸ್ತುವಿನ ಡಬ್ಬಿಯನ್ನೋ ಚೀಟಿಯನ್ನೋ ಒಯ್ಯಬೇಕು. ಯಾವ ಕೆಲಸ ಮಾಡುತ್ತೇವೆ, ಉಗುರಿಗೆ ಏನು ಹಚ್ಚಿಸಿಕೊಳ್ಳುತ್ತೇವೆ ಎಂಬುದನ್ನು ಸಂಕೋಚವಿಲ್ಲದೆ ಹೇಳಬೇಕು. ಪಟ್ಟಿ ತೆಗೆದ ಎರಡು ಮೂರು ವಾರಗಳ ಬಳಿಕ ಬೆನ್ನು ತುರಿಸತೊಡಗಿದರೆ ‘ಹಳೆಯ ಕಥೆ’ ಎಂದು ಸುಮ್ಮನಿರದೆ ಮರಳಿ ತೋರಿಸಬೇಕು. ಅಕ್ರಿಲೇಟ್ ದ್ರವದೊಡನೆ ದಿನವೂ ಕೆಲಸ ಮಾಡುವ ದಂತ ತಂತ್ರಜ್ಞರು, ಬ್ಯೂಟಿಷಿಯನ್ನರು ತೆಳು ರಬ್ಬರ್ ಕೈಗವಸನ್ನು ನಂಬಿ ದ್ರವವನ್ನು ಮುಟ್ಟಬಾರದು. ಬೆರಳಿನ ಬದಲು ಉಪಕರಣದಿಂದ ಕಲಸುವ ಅಭ್ಯಾಸವೇ ಮೇಲು.

ಬೀಜ ಒಡೆಯುವ ಹೆಂಗಸರು ಕೈಗೆ ಬೂದಿ ಸವರಿಕೊಳ್ಳುವುದನ್ನು ಅವರಿಗೆ ಯಾವ ವಿಶ್ವವಿದ್ಯಾಲಯವೂ ಕಲಿಸಿರಲಿಲ್ಲ. ಸುಟ್ಟ ಬೆರಳುಗಳು ಕಲಿಸಿದ್ದವು. ಬೆನ್ನಿನ ಮೇಲಿನ ಪಟ್ಟಿಯಲ್ಲಿ ಎಷ್ಟು ಹಚ್ಚಬೇಕೆಂಬ ಲೆಕ್ಕವನ್ನು ವೈದ್ಯರು ಕಲಿತದ್ದೂ ಅದೇ ಬಗೆಯಲ್ಲಿ, ಹಲವರ ಬೆನ್ನು ಕೆಂಪಾದ ಬಳಿಕ. ಚರ್ಮಕ್ಕೆ ಮರೆವು ಕಡಿಮೆ. ಅದನ್ನು ಪ್ರಶ್ನೆ ಕೇಳುವವರು ಮೆಲುದನಿಯಲ್ಲೇ ಕೇಳಬೇಕು.